ತಲಾಖ್ ಹೇಳಿದ್ಮೇಲೆ ಗಂಡ ತೀರ್ಕೊಂಡ್ರೆ ಹೆಂಡ್ತಿಗೆ ಪಾಲು ಇದ್ಯಾ ಇಲ್ವಾ, ತಿಳ್ಕೊಳ್ಳೋದು ಹೇಗೆ

ಗಂಡ ತಲಾಖ್ ಹೇಳಿರ್ತಾನೆ, ಆಮೇಲೆ ಒಂದೆರಡು ತಿಂಗಳಿಗೇ ತೀರ್ಕೊಳ್ತಾನೆ. ಮಯ್ಯತ್ ಮಣ್ಣು ಮಾಡ್ಕೊಂಡು ಬಂದು ಇನ್ನೂ ಸರಿಯಾಗಿ ಕೂತಿರಲ್ಲ, ಅಷ್ಟರಲ್ಲಿ ಯಾರೋ ಒಬ್ರು "ಅವ್ಳಿಗೇನೂ ಬರಲ್ಲ, ತಲಾಖ್ ಆಗಿತ್ತಲ್ಲ" ಅಂದ್ಬಿಡ್ತಾರೆ, ಕೂತವರೆಲ್ಲ ಹೌದೌದು ಅಂತಾರೆ, ಆ ಹೆಣ್ಮಗಳೂ ಇರ್ಬೇಕೇನೋ ಅಂದ್ಕೊಂಡು ಸುಮ್ನಾಗ್ಬಿಡ್ತಾಳೆ. ಈ ಒಂದು ಮಾತಿನಿಂದ ಎಷ್ಟು ಜನ ತಮ್ಮ ಹಕ್ಕು ಕಳ್ಕೊಂಡಿದಾರೋ ಲೆಕ್ಕ ಇಟ್ಟವರಿಲ್ಲ. ಶರೀಅತ್ತಿನಲ್ಲಿ "ತಲಾಖ್ ಆಗಿತ್ತು" ಅನ್ನೋದು ಪೂರ್ತಿ ಉತ್ತರ ಅಲ್ಲವೇ ಅಲ್ಲ. ಯಾವ ತಲಾಖ್, ಯಾವತ್ತು ಹೇಳಿದ್ದು, ಅವನು ತೀರ್ಕೊಂಡ ದಿನ ಇದ್ದತ್ (ತಲಾಖ್ ಆದ್ಮೇಲೆ ಹೆಂಡ್ತಿ ಕಾಯ್ಬೇಕಾದ ಅವಧಿ) ನಡೀತಿತ್ತಾ, ಹೇಳೋವಾಗ ಅವನು ಯಾವ ಸ್ಥಿತೀಲಿದ್ದ, ಈ ನಾಲ್ಕು ಗೊತ್ತಾಗೋ ತನಕ ಯಾರೂ ಇಲ್ಲ ಅನ್ನೋ ಹಾಗಿಲ್ಲ.

ನಮ್ಮ ಅಕ್ಕನ ಗೆಳತಿ ಒಬ್ರಿಗೆ ಹೀಗೇ ಆಗಿತ್ತು. ಗಂಡ ತೀರ್ಕೊಂಡ ನಾಲ್ಕನೇ ದಿನ ಟೈಪ್ ಮಾಡ್ಸಿದ ಒಂದು ಹಾಳೆ ಮುಂದೆ ಇಟ್ರು, ನಂಗೆ ಆಸ್ತೀಲಿ ಯಾವ ಹಕ್ಕೂ ಇಲ್ಲ ಅಂತ ಅದ್ರಲ್ಲಿ ಬರ್ದಿತ್ತು, ಅವ್ರು ಪೆನ್ನು ಕೈಗೆ ತಗೊಂಡಾಗಿತ್ತು. "ಆಪಾ, ಒಂದ್ ನಿಮಿಷ ತಡೀರಿ, ತಲಾಖ್ ಹೇಳಿದ್ದು ಯಾವತ್ತು?" ಅಂತ ಕೇಳ್ದೆ. ಫೋನ್ ತೆಗ್ದು ಮೆಸೇಜ್ ತೋರ್ಸಿದ್ರು, ಒಂದೇ ಸಲ ಹೇಳಿದ್ದು, ತಾರೀಖು, ಟೈಮ್ ಎಲ್ಲ ಅದರಲ್ಲೇ ಇತ್ತು. ಆಮೇಲೆ ಒಳಗಿಂದ ಗೋಡೆ ಕ್ಯಾಲೆಂಡರ್ ತಂದ್ರು, ಅದ್ರಲ್ಲಿ ಮುಟ್ಟಿನ ದಿನಗಳಿಗೆ ಪೆನ್ಸಿಲ್ಲಲ್ಲಿ ಸಣ್ಣ ಚುಕ್ಕಿ ಇಟ್ಟಿದ್ರು, ಎಣಿಸಿದ್ರೆ ಮೂರರಲ್ಲಿ ಎರಡೇ ಆಗಿತ್ತು. ಅಂದ್ರೆ ಇದ್ದತ್ ಮುಗಿದಿರಲಿಲ್ಲ, ಅವ್ರು ಆ ದಿನಕ್ಕೂ ಹೆಂಡ್ತೀನೇ. ಆ ಹಾಳೆಗೆ ಸಹಿ ಬೀಳಲಿಲ್ಲ, ಅವ್ರ ಗಂಡನ ಅಣ್ಣ ಮುಫ್ತಿ (ಶರೀಅತ್ ತಿಳಿದು ಫತ್ವಾ ಕೊಡೋವ್ರು) ಹತ್ರ ಕೇಳ್ಕೊಂಡು ಬಂದ್ಮೇಲೆ ಪಾಲು ಒಪ್ಕೊಂಡ್ರು. ಆ ಚುಕ್ಕಿಗಳಿಲ್ದೇ ಇದ್ದಿದ್ರೆ ಏನಾಗ್ತಿತ್ತೋ ಅಂತ ಈಗಲೂ ಅನ್ಸತ್ತೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೀತಿದೀನಿ.

ಮೊದ್ಲು ಮಾಡ್ಬೇಕಾದ್ದು ಒಂದು ಹಾಳೆ ತಗೊಂಡು ತಾರೀಖುಗಳನ್ನ ಬರೆಯೋದು. ನಿಕಾಹ್ ಆದ ದಿನ, ತಲಾಖ್ ಹೇಳಿದ ದಿನ, ಹೇಳಿದ ಮಾತು ಪದಕ್ಕೆ ಪದ ಏನು ಅನ್ನೋದು (ಇದು ತುಂಬಾ ಮುಖ್ಯ, ನೆನಪಿಂದ ತಿದ್ದೋದು ಬೇಡ), ಇದಕ್ಕೆ ಮುಂಚೆ ಯಾವತ್ತಾದ್ರೂ ತಲಾಖ್ ಹೇಳಿ ರುಜೂ ಮಾಡ್ಕೊಂಡಿದ್ರಾ, ಅಂದ್ರೆ ವಾಪಸ್ ತಗೊಂಡಿದ್ರಾ, ಹೇಳಿದಾಗ ಯಾರು ಯಾರು ಇದ್ರು, ಆಮೇಲೆ ಬಂದ ಮುಟ್ಟಿನ ದಿನಗಳು, ಗರ್ಭ ಇತ್ತಾ, ಗಂಡ ಹಾಸಿಗೆ ಹಿಡಿದಿದ್ದು ಯಾವಾಗ, ತೀರ್ಕೊಂಡಿದ್ದು ಯಾವತ್ತು. ಮೆಸೇಜ್ ಆಗಿದ್ರೆ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ತಗೊಂಡು ಇನ್ನೊಬ್ರಿಗೂ ಕಳ್ಸಿಡಿ. ದುಃಖದಲ್ಲಿ ಇದೆಲ್ಲ ಬರ್ಯೋಕೆ ಕೈ ಬರಲ್ಲ, ಗೊತ್ತು, ತಂಗಿನೋ ಅಣ್ಣನೋ ಪಕ್ಕದಲ್ಲಿ ಕೂತು ಬರ್ಕೊಳ್ಳಲಿ.

ಇನ್ನು ಯಾವ ತಲಾಖ್ ಅನ್ನೋದು. ಒಂದು ಸಲ ಅಥವಾ ಎರಡನೇ ಸಲ ಸ್ಪಷ್ಟವಾಗಿ ತಲಾಖ್ ಅಂತ ಹೇಳಿದ್ರೆ ಅದು ರಜಈ, ಅಂದ್ರೆ ವಾಪಸ್ ತಗೊಳ್ಳೋಕೆ ಅವಕಾಶ ಇರೋದು. ಇದ್ದತ್ ಮುಗಿಯೋ ತನಕ ಮದುವೆ ಪೂರ್ತಿ ಮುರಿದಿರಲ್ಲ, ಅದೇ ಮನೇಲಿ ಇರೋ ಹಕ್ಕಿರತ್ತೆ, ಖರ್ಚು ಗಂಡಂದೇ, ಒಬ್ರಿಗೊಬ್ರು ವಾರಸುದಾರರೇ. ಆ ಸಮಯದಲ್ಲಿ ಗಂಡ ಹೋದ್ರೆ ಹೆಂಡ್ತಿಗೆ ಪೂರ್ತಿ ಪಾಲು, ಅವನು ಆರೋಗ್ಯವಾಗಿದ್ದಾಗ ಹೇಳಿದ್ನಾ ಕಾಯಿಲೇಲಿ ಹೇಳಿದ್ನಾ ಅನ್ನೋ ಪ್ರಶ್ನೆ ಇಲ್ಲಿ ಬರೋದೇ ಇಲ್ಲ. ಹೆಂಡ್ತಿ ಹೋದ್ರೆ ಗಂಡನಿಗೂ ಹಾಗೇ ಬರತ್ತೆ. ಈ ವಿಷಯದಲ್ಲಿ ಸುನ್ನಿಗಳ ನಾಲ್ಕು ಮಜ್‌ಹಬ್‌ಗಳು, ಅಂದ್ರೆ ಶರೀಅತ್ ಪಂಥಗಳಾದ ಹನಫಿ, ಶಾಫಿ, ಮಾಲಿಕಿ, ಹಂಬಲಿ, ಹಾಗೇ ಶಿಯಾ, ಯಾರಿಗೂ ಭಿನ್ನಾಭಿಪ್ರಾಯ ಇಲ್ಲ, ಆದ್ರಿಂದ "ನಮ್ಮ ಮಜ್‌ಹಬಲ್ಲಿ ಹಾಗಿಲ್ಲ" ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಮೂರನೇ ತಲಾಖ್, ಖುಲಾ (ಹೆಂಡ್ತಿ ತಾನೇ ಕೇಳಿ ತಗೊಳ್ಳೋ ಬಿಡುಗಡೆ), ಗಂಡ ಹೆಂಡ್ತಿ ಸೇರೋಕೆ ಮುಂಚೆನೇ ಕೊಟ್ಟ ತಲಾಖ್, ಇವು ಬಾಯಿನ್, ಅಂದ್ರೆ ವಾಪಸ್ ತಗೊಳ್ಳೋಕೆ ಆಗದವು. ಇಲ್ಲಿ ಮದುವೆ ಅಲ್ಲೇ ಮುರಿದು ಹೋಗತ್ತೆ. ಗಂಡ ಆರೋಗ್ಯವಾಗಿದ್ದಾಗ ಬಾಯಿನ್ ಆಗಿದ್ರೆ ಇದ್ದತ್ ಒಳಗೆ ತೀರ್ಕೊಂಡ್ರೂ ಪಾಲು ಇಲ್ಲ, ಇದನ್ನ ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ. ಹನಫಿಗಳಲ್ಲಿ ಇನ್ನೊಂದು ಇದೆ, ತಲಾಖ್ ಅನ್ನೋ ಪದ ಬಿಟ್ಟು ಸುತ್ತು ಬಳಸಿ, ಸಂಬಂಧ ಕಡ್ಕೊಂಡೆ ಅನ್ನೋ ಥರದ ಮಾತು ತಲಾಖಿನ ಉದ್ದೇಶದಿಂದ ಹೇಳಿದ್ರೆ ಒಂದೇ ಸಲಕ್ಕೂ ಬಾಯಿನ್ ಆಗ್ಬೋದು, ಅದಕ್ಕೇ ಪದಕ್ಕೆ ಪದ ಬರ್ಕೊಳ್ಳಿ ಅಂದಿದ್ದು.

ಒಂದೇ ಉಸಿರಲ್ಲಿ ಮೂರು ಸಲ ಹೇಳಿದ್ರೆ? ಇಲ್ಲೇ ದೊಡ್ಡ ಜಗಳ ಇರೋದು. ನಾಲ್ಕು ಸುನ್ನಿ ಮಜ್‌ಹಬ್‌ಗಳಲ್ಲಿ ನಡ್ಕೊಂಡು ಬಂದಿರೋದು ಅದು ಮೂರೇ ಅಂತ, ಹಿಂದಿನ ಕಾಲದ ವಿದ್ವಾಂಸ ಇಬ್ನ್ ತೈಮಿಯ್ಯಾ ಮತ್ತು ಅಹ್ಲೆ ಹದೀಸ್ ಪಂಗಡದವರು ಅದು ಒಂದೇ ಅಂತಾರೆ, ಶಿಯಾಗಳಲ್ಲಿ ಅದು ಮೂರಾಗೋದಿಲ್ಲ, ಮೇಲಾಗಿ ಇಬ್ರು ನಂಬಿಕಸ್ತ ಸಾಕ್ಷಿಗಳ ಎದುರು ಹೇಳ್ದೇ ಇದ್ರೆ ಅವ್ರಲ್ಲಿ ತಲಾಖೇ ಆಗಲ್ಲ. ಒಂದು ಅಂತ ಲೆಕ್ಕ ಆದ್ರೆ ಅದು ರಜಈ, ಇದ್ದತ್ ಒಳಗೆ ಗಂಡ ಹೋದ್ರೆ ಪಾಲು ಇದೆ. ದೇಶದ ಕಾನೂನೂ ಇಲ್ಲಿ ಸೇರ್ಕೊಳ್ಳತ್ತೆ. ಈಜಿಪ್ಟ್‌ನಲ್ಲಿ 1929ರ ಕಾನೂನು ಒಟ್ಟಿಗೆ ಹೇಳಿದ ಮೂರನ್ನ ಒಂದೇ ಅಂತ ಎಣಿಸತ್ತೆ. ಪಾಕಿಸ್ತಾನದ 1961ರ ಸುಗ್ರೀವಾಜ್ಞೆ ಪ್ರಕಾರ ಸ್ಥಳೀಯ ಕೌನ್ಸಿಲ್ ಚೇರ್ಮನ್‌ಗೆ ನೋಟಿಸ್ ಮುಟ್ಟಿ 90 ದಿನ ಆಗೋ ತನಕ ತಲಾಖ್ ಜಾರಿಗೆ ಬರಲ್ಲ. ಭಾರತದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಒಟ್ಟಿಗೆ ಹೇಳೋ ತ್ರಿವಳಿ ತಲಾಖನ್ನ ತಳ್ಳಿಹಾಕ್ತು, 2019ರ ಕಾಯ್ದೆ ಬಂದ್ಮೇಲೆ ಬಾಯಲ್ಲಿ ಹೇಳಿದ್ರೂ ಬರೆದು ಕೊಟ್ರೂ ಫೋನಲ್ಲಿ ಕಳ್ಸಿದ್ರೂ ಅದು ಅಸಿಂಧು, ಆದ್ರೆ ಆಗಲೇ ಹೇಳಿದ ಬೇರೆ ಥರದ ತಲಾಖ್‌ಗಳಿಗೆ, ಅಂದ್ರೆ ಒಂದು ಸಲ ಹೇಳಿ ಇದ್ದತ್ ಕಾಯೋ ತಲಾಖ್‌ಗೆ ಈ ಕಾಯ್ದೆ ಅನ್ವಯ ಆಗಲ್ಲ. ಹಾಗಾಗಿ ಮುಫ್ತಿ ಹತ್ರನೂ ಕೇಳಿ, ವಕೀಲರ ಹತ್ರನೂ ಕೇಳಿ, ಒಬ್ರ ಮಾತಿಗೇ ನಿಂತ್ಬಿಡ್ಬೇಡಿ.

ಈಗ ಇದ್ದತ್ ಎಣಿಸೋದು. ಹೆಚ್ಚು ಜನ ತಪ್ಪೋದು ಇಲ್ಲೇ, "ಮೂರು ತಿಂಗಳು ಆಯ್ತಲ್ಲ, ಮುಗೀತು" ಅಂತಾರೆ. ಮೂರು ತಿಂಗಳು, ಅದೂ ಚಂದ್ರಮಾನದ ತಿಂಗಳು, ಮುಟ್ಟು ನಿಂತವರಿಗೆ ಅಥವಾ ಇನ್ನೂ ಶುರುವಾಗದವರಿಗೆ ಮಾತ್ರ. ಮುಟ್ಟಾಗೋ ಹೆಂಗಸಿಗೆ ತಿಂಗಳ ಲೆಕ್ಕ ಅಲ್ಲ, ಮುಟ್ಟಿನ ಲೆಕ್ಕ. ಹನಫಿಗಳು ಮೂರು ಪೂರ್ತಿ ಮುಟ್ಟು ಎಣಿಸ್ತಾರೆ, ಮುಟ್ಟಿನ ಸಮಯದಲ್ಲೇ ತಲಾಖ್ ಹೇಳಿದ್ರೆ ಆ ಮುಟ್ಟು ಲೆಕ್ಕಕ್ಕೆ ಬರಲ್ಲ. ಶಾಫಿಗಳು ಮುಟ್ಟುಗಳ ಮಧ್ಯದ ಶುದ್ಧಿ ಕಾಲ ಎಣಿಸ್ತಾರೆ, ತಲಾಖ್ ಹೇಳಿದ ಶುದ್ಧಿ ಕಾಲಾನೂ ಒಂದಾಗತ್ತೆ, ಹಾಗಾಗಿ ಅವ್ರಲ್ಲಿ ಮೂರನೇ ಮುಟ್ಟು ಶುರುವಾಗ್ತಿದ್ದಂಗೇ ಇದ್ದತ್ ಮುಗಿಯತ್ತೆ, ಹನಫಿಗಳಲ್ಲಿ ಆ ಮೂರನೇದು ಮುಗೀಬೇಕು. ಈ ನಾಲ್ಕೈದು ದಿನದ ವ್ಯತ್ಯಾಸದಲ್ಲೇ ಗಂಡ ತೀರ್ಕೊಂಡಿದ್ರೆ ಇಡೀ ಪಾಲು ಅದರ ಮೇಲೇ ನಿಲ್ಲತ್ತೆ. ಬಸುರಿಗೆ ಹೆರಿಗೆ ಆಗೋ ತನಕ, ಅದು ಎಂಟು ತಿಂಗಳಾದ್ರೂ ಸರಿ, ಮಾರನೇ ದಿನವೇ ಆದ್ರೂ ಸರಿ.

ಮೊಲೆಹಾಲು ಕುಡಿಸೋ ತಾಯಿಗೆ ಎಷ್ಟೋ ತಿಂಗಳು ಮುಟ್ಟೇ ಬರಲ್ಲ ಅಲ್ವಾ, ಅವ್ರ ಕಥೆ ಏನು ಅಂದ್ರೆ, ಪ್ರವಾದಿಯವರ ನಂತರದ ಮೂರನೇ ಖಲೀಫ ಉಸ್ಮಾನ್ ಅವ್ರ ಕಾಲದಲ್ಲೇ ಇದು ತೀರ್ಮಾನ ಆಗಿದೆ. ಹಬ್ಬಾನ್ ಅನ್ನೋರಿಗೆ ಇಬ್ರು ಹೆಂಡ್ತೀರು, ಒಬ್ರು ಹಾಶಿಮಿ, ಅಂದ್ರೆ ಪ್ರವಾದಿಯವರ ಮನೆತನದವರು, ಇನ್ನೊಬ್ರು ಅನ್ಸಾರಿ, ಅಂದ್ರೆ ಮದೀನಾದವರು. ಅನ್ಸಾರಿ ಹೆಂಡ್ತಿ ಮಗುಗೆ ಹಾಲು ಕುಡಿಸ್ತಿದ್ದಾಗ ತಲಾಖ್ ಹೇಳಿದ್ರು, ಒಂದು ವರ್ಷ ಕಳೀತು, ಹಬ್ಬಾನ್ ತೀರ್ಕೊಂಡ್ರು. ಆಕೆ ಬಂದು ನಂಗೆ ಇನ್ನೂ ಮುಟ್ಟಾಗಿಲ್ಲ, ನನ್ನ ಪಾಲು ಕೊಡಿ ಅಂತ ಕೇಳಿದ್ರು. ವಿಷಯ ಉಸ್ಮಾನ್ ಅವ್ರ ಮುಂದೆ ಹೋಯ್ತು, ಅವ್ರು ಪಾಲು ಕೊಡ್ಸಿದ್ರು. ಹಾಶಿಮಿ ಹೆಂಡ್ತಿ ಬೇಜಾರು ಮಾಡ್ಕೊಂಡಾಗ, ಇದು ನಿಮ್ಮ ಮನೆತನದವರೇ ಆದ ಅಲೀ ಅವ್ರು ಹೇಳಿದ ದಾರಿ ಅಂದ್ರಂತೆ ಉಸ್ಮಾನ್. ಒಂದು ವರ್ಷ ಆದ್ಮೇಲೂ ಪಾಲು! ಹಾಗಾಗಿ ಬಾಣಂತಿ, ಹಾಲುಣಿಸೋ ತಾಯಂದಿರು ಕ್ಯಾಲೆಂಡರ್ ತಿಂಗಳು ನೋಡ್ಕೊಂಡು ಸೋಲೊಪ್ಪಿಕೊಳ್ಳೋದು ಬೇಡ. ಮುಟ್ಟು ಮುಗೀತಾ ಇಲ್ವಾ ಅನ್ನೋದ್ರಲ್ಲಿ ಆ ಹೆಂಗಸಿನ ಮಾತಿಗೇ ಬೆಲೆ, ಅತ್ತೆ ಮನೆಯವ್ರ ಅಂದಾಜಿಗಲ್ಲ. ಅಷ್ಟೇ ನಿಜ ಇನ್ನೊಂದು, ಇದು ಅಲ್ಲಾಹನ ಮುಂದೆ ಹೇಳೋ ಮಾತು, ಮುಗಿದಿದ್ರೆ ಮುಗಿದಿದೆ ಅಂತಲೇ ಹೇಳ್ಬೇಕು.

ರಜಈ ಇದ್ದತ್ತಿನ ಮಧ್ಯೆ ಗಂಡ ಹೋದ್ರೆ ತಲಾಖಿನ ಇದ್ದತ್ ಅಲ್ಲಿಗೇ ನಿಂತು, ತೀರ್ಕೊಂಡ ದಿನದಿಂದ ಹೊಸದಾಗಿ ನಾಲ್ಕು ತಿಂಗಳು ಹತ್ತು ದಿನ ಶುರುವಾಗತ್ತೆ, ಬಸುರಿ ಆಗಿದ್ರೆ ಹೆರಿಗೆ ತನಕ. ಮನೆಯವ್ರು "ಗಂಡ ಸತ್ತ ಇದ್ದತ್ ಕೂತ್ಕೋ" ಅಂತ ಹೇಳಿ, ಪಾಲಿನ ಮಾತು ಬಂದಾಗ ಮಾತ್ರ ತಲಾಖ್ ಆಗಿತ್ತು ಅಂದ್ರೆ, ಎರಡೂ ಒಟ್ಟಿಗೆ ಹೇಗಾಗತ್ತೆ ಅಂತ ಕೇಳ್ಬೇಕು. ಹೆಂಡ್ತಿ ಅಂತ ಒಪ್ಕೊಂಡೇ ಆ ಇದ್ದತ್ ಕೂರ್ಸಿರೋದು.

ಸಾವಿನ ಕಾಯಿಲೇಲಿ ಕೊಟ್ಟ ತಲಾಖ್, ಮರ್ಜ್-ಉಲ್-ಮೌತ್ ಅಂತಾರಲ್ಲ, ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಗಂಡನಿಗೆ ಇನ್ನು ಉಳಿಯಲ್ಲ ಅನ್ನೋದು ಗೊತ್ತಾಗಿದೆ, ಹೆಂಡ್ತಿಗೆ ಆಸ್ತಿ ಹೋಗ್ಬಾರ್ದು ಅಂತ ಹಾಸಿಗೆ ಮೇಲಿಂದಲೇ ಬಾಯಿನ್ ತಲಾಖ್ ಕೊಡ್ತಾನೆ. ಇದನ್ನ ಫಕೀಹರು, ಅಂದ್ರೆ ಶರೀಅತ್ ಪಂಡಿತರು, ಓಡಿ ಹೋಗೋವ್ನ ತಲಾಖ್ ಅಂತ ಕರೆದಿದಾರೆ, ಹೆಂಡ್ತಿಯ ಹಕ್ಕಿಂದ ತಪ್ಪಿಸ್ಕೊಂಡು ಓಡೋದು ಅಂತ. ಪ್ರವಾದಿಯವರ ಸಂಗಾತಿ ಅಬ್ದುರ್ರಹ್ಮಾನ್ ಇಬ್ನ್ ಔಫ್ ಅವ್ರು ಕಾಯಿಲೇಲಿ ಹೆಂಡ್ತಿ ತುಮಾದಿರ್ ಅವ್ರಿಗೆ ಪೂರ್ತಿ ತಲಾಖ್ ಕೊಟ್ಟು ಆಮೇಲೆ ತೀರ್ಕೊಂಡಾಗ ಖಲೀಫ ಉಸ್ಮಾನ್ ಅವ್ರು ಆಕೆಗೆ ಪಾಲು ಕೊಡ್ಸಿದ್ರು. ಅಲ್ಲಿಂದ ಈ ನಿಯಮ ಬೆಳೀತು, ಆದ್ರೆ ಎಷ್ಟು ದಿನದ ತನಕ ಅನ್ನೋದ್ರಲ್ಲಿ ಮಜ್‌ಹಬ್‌ಗಳು ಬೇರೆ ಬೇರೆ. ಹನಫಿಗಳಲ್ಲಿ ಇದ್ದತ್ ಒಳಗೆ ಗಂಡ ತೀರ್ಕೊಂಡ್ರೆ ಪಾಲು. ಹಂಬಲಿಗಳಲ್ಲಿ ಇದ್ದತ್ ಮುಗಿದ್ರೂ ಆಕೆ ಬೇರೆ ಮದುವೆ ಆಗೋ ತನಕ. ಮಾಲಿಕಿಗಳು ಬೇರೆ ಮದುವೆ ಆಗಿದ್ರೂ ಕೊಡ್ತಾರೆ. ಶಿಯಾಗಳಲ್ಲಿ ತಲಾಖ್ ಆಗಿ ಒಂದು ವರ್ಷದೊಳಗೆ ಅದೇ ಕಾಯಿಲೆಯಿಂದ ಹೋದ್ರೆ, ಆಕೆ ಮರುಮದುವೆ ಆಗಿರದಿದ್ರೆ. ಶಾಫಿಗಳ ಚಾಲ್ತಿಯಲ್ಲಿರೋ ಅಭಿಪ್ರಾಯದಲ್ಲಿ ಬಾಯಿನ್ ಆಗಿದ್ರೆ ಕಾಯಿಲೆ ಇದ್ರೂ ಪಾಲು ಇಲ್ಲ, ನೀವು ಶಾಫಿ ಆಗಿದ್ರೆ ಈ ದಾರಿ ಮೇಲೆ ಭರವಸೆ ಇಡ್ಬೇಡಿ. ಈಜಿಪ್ಟ್‌ನ 1943ರ ವಾರಸು ಕಾನೂನು ಹನಫಿ ದಾರೀಲೇ ಇದೆ, ಹೆಂಡ್ತಿ ಒಪ್ಪಿಗೆ ಇಲ್ದೆ ಸಾವಿನ ಕಾಯಿಲೇಲಿ ತಲಾಖ್ ಕೊಟ್ಟು ಇದ್ದತ್ತಿನಲ್ಲಿ ಅದೇ ಕಾಯಿಲೇಲಿ ಹೋದ್ರೆ ಆಕೆಯನ್ನ ಹೆಂಡ್ತಿ ಅಂತಲೇ ಎಣಿಸತ್ತೆ. ಈ ನಿಯಮದಿಂದ ಗಂಡನಿಗೆ ಲಾಭ ಇಲ್ಲ, ಅದೇ ಸಮಯದಲ್ಲಿ ಹೆಂಡ್ತಿ ಮೊದ್ಲು ಹೋದ್ರೆ ಅವ್ಳ ಆಸ್ತಿ ಅವನಿಗೆ ಬರಲ್ಲ.

ಎಲ್ಲ ಕಾಯಿಲೇನೂ ಮರ್ಜ್-ಉಲ್-ಮೌತ್ ಅಲ್ಲ. ಸಾಯ್ತಾನೆ ಅನ್ನೋ ಭಯವೇ ಹೆಚ್ಚಿರ್ಬೇಕು, ಹೊರಗಿನ ಕೆಲಸಗಳಿಗೆ ಓಡಾಡೋಕೆ ಆಗ್ದೇ ಬಿದ್ದಿರ್ಬೇಕು, ಆ ಸ್ಥಿತೀಲೇ ಸಾವೂ ಬಂದಿರ್ಬೇಕು. ಶುಗರ್ ಥರ ವರ್ಷಗಟ್ಟಲೆ ಒಂದೇ ರೀತಿ ಎಳೆಯೋ ಕಾಯಿಲೆ ಒಂದು ವರ್ಷ ದಾಟಿದ್ರೆ ಹನಫಿ ಲೆಕ್ಕದಲ್ಲಿ ಅದನ್ನ ಆರೋಗ್ಯ ಅಂತಲೇ ನೋಡ್ತಾರೆ, ಹೆಚ್ಚಾಗ್ತಾ ಹೋದ್ರೆ ಆ ಹೆಚ್ಚಾದ ದಿನದಿಂದ ಎಣಿಕೆ. ಮಧ್ಯೆ ವಾಸಿಯಾಗಿ ಎದ್ದು ಓಡಾಡಿ ಆಮೇಲೆ ಬೇರೆ ಏನಾಗೋ ಹೋದ್ರೆ ಈ ನಿಯಮ ಇಲ್ಲ. ಆದ್ರಿಂದ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಐಸಿಯು ತಾರೀಖುಗಳು, ಡಾಕ್ಟರ್ ಬರೆದ ಚೀಟಿ ಎಲ್ಲ ಒಂದು ಫೈಲಲ್ಲಿ ಹಾಕಿಡಿ, ತಲಾಖ್ ಹೇಳಿದ ದಿನ ಅವನು ಯಾವ ವಾರ್ಡಲ್ಲಿ ಮಲಗಿದ್ದ ಅನ್ನೋದೇ ನಿಮ್ಮ ಸಾಕ್ಷಿ. ಮತ್ತೆ ತಲಾಖ್ ಯಾರು ಕೇಳಿದ್ದು ಅನ್ನೋದೂ ಬರತ್ತೆ. ಹೆಂಡ್ತಿ ತಾನೇ ಬಾಯಿನ್ ಕೇಳಿದ್ರೆ, ಖುಲಾ ತಗೊಂಡ್ರೆ, ಹನಫಿಗಳಲ್ಲಿ ಪಾಲು ಹೋಯ್ತು. ಆಕೆ ಬರೀ ರಜಈ ಕೇಳಿ ಅವನು ಬಾಯಿನ್ ಕೊಟ್ಟಿದ್ರೆ ಹೋಗಲ್ಲ. ಕಾಯಿಲೆ ಬಿದ್ದ ಗಂಡನ ಕಡೆಯವ್ರು ಬಂದು ಹೀಗೂ ಜಗಳ ಇದೆ, ಖುಲಾ ಕೇಳ್ಬಿಡಮ್ಮ, ಬಿಡುಗಡೆ ಸಿಗತ್ತೆ ಅಂದ್ರೆ ಅದ್ರ ಬೆಲೆ ಏನು ಅಂತ ಈಗ ನಿಮಗೆ ಗೊತ್ತು.

ಹಿಂದಿನ ತಾರೀಖು ಹಾಕೋ ಆಟಾನೂ ನಡಿಯತ್ತೆ. ಹಾಸಿಗೆ ಮೇಲಿಂದ "ಆರು ತಿಂಗಳ ಹಿಂದೇನೇ ಕೊಟ್ಟಿದ್ದೆ" ಅಂತ ಹೇಳ್ಸೋದು. ಹೆಂಡ್ತಿ ಒಪ್ಪದಿದ್ರೆ, ಸಾಕ್ಷಿ ಇಲ್ದಿದ್ರೆ, ಹನಫಿ ಮುಫ್ತಿಗಳು ಅದನ್ನ ಹಾಗೇ ನಂಬಲ್ಲ, ಅವನು ಹೇಳಿದ ದಿನದಿಂದಲೇ ಇದ್ದತ್ ಎಣಿಸ್ತಾರೆ. ಗಂಡ ಹೋದ್ಮೇಲೆ ಮೈದುನ ಬಂದು ಅಣ್ಣ ನನ್ನ ಹತ್ರ ಹೇಳಿದ್ದ ಅಂದ್ರೆ ಅದೂ ಅಷ್ಟೇ, ಮದುವೆ ಆಗಿದ್ದು ಎಲ್ಲರಿಗೂ ಗೊತ್ತು, ಮುರೀತು ಅನ್ನೋರೇ ಸಾಬೀತು ಮಾಡ್ಬೇಕು. ನೀವು ತಲಾಖ್ ಆಗಿಲ್ಲ ಅಂತ ಸಾಬೀತು ಮಾಡ್ಬೇಕಾಗಿಲ್ಲ.

ತವರಲ್ಲಿ ಹತ್ತು ವರ್ಷ ಇದ್ರೂ, ಮಾತು ಬಿಟ್ಟಿದ್ರೂ, ಜೀವನಾಂಶದ ಕೇಸ್ ಹಾಕಿದ್ರೂ ಅದು ತಲಾಖ್ ಅಲ್ಲ, ಪಾಲು ಹಾಗೇ ಇರತ್ತೆ. ಖುಲಾ ಕೇಳಿ ಗಂಡ ಒಪ್ಪೋ ಮೊದ್ಲೇ ಹೋದ್ರೆ, ಬೇರೆ ಮಾಡ್ಕೊಡಿ ಅಂತ ಕಾಜಿ ಹತ್ರ ಕೇಳಿ ತೀರ್ಪು ಬರೋ ಮೊದ್ಲೇ ಹೋದ್ರೆ, ಅರ್ಜಿ ಹಾಕಿದ್ದಕ್ಕೆ ಮದುವೆ ಮುರಿಯಲ್ಲ, ಆಕೆ ವಿಧವೆಯೇ. ನಿಕಾಹ್ ಆಗಿ ಇನ್ನೂ ಗಂಡನ ಮನೆಗೆ ಹೋಗಿರದ ಹುಡುಗಿಗೂ ಇಷ್ಟೇ: ಗಂಡ ತೀರ್ಕೊಂಡ್ರೆ ಪೂರ್ತಿ ಮಹರ್ (ನಿಕಾಹ್‌ಗಾಗಿ ಗಂಡ ಹೆಂಡ್ತಿಗೆ ಕೊಡ್ಬೇಕಾದ ಹಣ), ಪಾಲು, ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮೂರೂ ಇದೆ. ಅದೇ ಅವನು ಸೇರೋಕೆ ಮುಂಚೆ ತಲಾಖ್ ಕೊಟ್ಟು ಮಾರನೇ ದಿನ ಹೋದ್ರೆ ಇದ್ದತ್ ಇಲ್ಲ, ಪಾಲಿಲ್ಲ, ನಿಗದಿ ಮಾಡಿದ್ದ ಮಹರಿನ ಅರ್ಧ ಮಾತ್ರ.

ಎಷ್ಟು ಬರತ್ತೆ? ಗಂಡನಿಗೆ ಮಕ್ಕಳು ಅಥವಾ ಮಗನ ಮಕ್ಕಳು ಇದ್ರೆ ಎಂಟನೇ ಒಂದು, ಇಲ್ಲದಿದ್ರೆ ನಾಲ್ಕನೇ ಒಂದು. ಮಕ್ಕಳು ಈ ಹೆಂಡ್ತೀಗೇ ಹುಟ್ಟಿರ್ಬೇಕು ಅಂತಿಲ್ಲ, ಅವನ ಮೊದಲ ಮದುವೆ ಮಕ್ಕಳಿದ್ರೂ ಎಂಟನೇ ಒಂದೇ. ಇದ್ದತ್ತಿನಲ್ಲಿರೋ ಹೆಂಡ್ತಿ ಜೊತೆ ಇನ್ನೊಬ್ಬ ಹೆಂಡ್ತಿ ಇದ್ರೆ ಇಬ್ರೂ ಆ ಒಂದು ಪಾಲನ್ನೇ ಸಮ ಹಂಚ್ಕೋಬೇಕು. ಆದ್ರೆ ಪಾಲಿಗಿಂತ ಮುಂಚೆ ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ಮೂರನೇ ಒಂದು ಭಾಗ ಮೀರದ ವಸೀಯತ್, ಅಂದ್ರೆ ಉಯಿಲು. ಸಾಲ ಅಂದ್ರೆ ಬ್ಯಾಂಕಿಂದು ಮಾತ್ರ ಅಂದ್ಕೋಬೇಡಿ, ಕೊಡದೇ ಉಳಿಸಿದ ಮಹರ್ ಕೂಡ ಸಾಲವೇ. ಒಟ್ಟು 60 ಲಕ್ಷ ಬಿಟ್ಟು ಹೋದ ಅಂದ್ಕೊಳ್ಳಿ, ದಫನ್ ಮತ್ತು ಬೇರೆ ಸಾಲಕ್ಕೆ 5 ಲಕ್ಷ, ಬಾಕಿ ಮಹರ್ 3 ಲಕ್ಷ, ವಸೀಯತ್ 4 ಲಕ್ಷ, ಉಳಿಯೋದು 48. ಮಕ್ಕಳಿದ್ರೆ ಎಂಟನೇ ಒಂದು ಅಂದ್ರೆ 6 ಲಕ್ಷ, ಮಹರ್ 3 ಸೇರಿ ಕೈಗೆ 9 ಲಕ್ಷ. ಪಾಲು ಇಲ್ಲದ ಬಾಯಿನ್ ತಲಾಖಿನಲ್ಲೂ ಬಾಕಿ ಮಹರ್ ಬಿಟ್ಟು ಹೋಗಲ್ಲ, ಖುಲಾದಲ್ಲಿ ತಾನಾಗೇ ಬಿಟ್ಕೊಟ್ಟಿದ್ರೆ ಬೇರೆ ಮಾತು. ಎಷ್ಟೋ ಜನ ಪಾಲು ಇಲ್ಲ ಅಂತ ಗೊತ್ತಾದ ತಕ್ಷಣ ಮಹರಿನ ಮಾತನ್ನೂ ಎತ್ತದೇ ಬಂದ್ಬಿಡ್ತಾರೆ, ನಿಕಾಹ್‌ನಾಮಾ ತೆಗ್ದು ನೋಡಿ.

ಪಾಲುದಾರರು ಜಾಸ್ತಿ ಆಗಿ ಲೆಕ್ಕ ಒಂದನ್ನ ಮೀರಿದ್ರೆ ಸುನ್ನಿಗಳಲ್ಲಿ ಎಲ್ಲರ ಪಾಲೂ ಸ್ವಲ್ಪ ಕುಗ್ಗತ್ತೆ. ಹೆಂಡ್ತಿ, ಇಬ್ರು ಹೆಣ್ಮಕ್ಕಳು, ತಾಯಿ, ತಂದೆ ಇದ್ದಾಗ 24 ಭಾಗ ಮಾಡೋಕೆ ಹೋದ್ರೆ 27 ಆಗತ್ತೆ, ಹೆಂಡ್ತಿಗೆ ಬರೋದು 27ರಲ್ಲಿ 3, ಅಂದ್ರೆ ಎಂಟನೇ ಒಂದು ಹೋಗಿ ಒಂಬತ್ತನೇ ಒಂದು ಆಗತ್ತೆ. ಹೀಗೆ ಆದ್ರೆ ಮೋಸ ಅಂತ ಗಾಬರಿ ಬೇಡ. ಹೊಟ್ಟೇಲಿ ಮಗು ಇದ್ರೆ ಹುಟ್ಟೋ ತನಕ ಪೂರ್ತಿ ಹಂಚಿಕೆ ನಿಲ್ಲಿಸಿ ಅಂತ ಕೇಳಿ, ಜೀವಂತ ಹುಟ್ಟಿದ್ರೆ ಅದೂ ವಾರಸುದಾರ.

ಸಹಿ ವಿಷಯ ಮತ್ತೆ ಹೇಳ್ತೀನಿ, ಇದ್ದತ್ತಿನ ದಿನಗಳಲ್ಲಿ, ಅಳ್ತಾ ಇರೋವಾಗ, ಓದದೇ ಯಾವ ಕಾಗದಕ್ಕೂ ಹೆಬ್ಬೆಟ್ಟು ಸಹಿ ಕೊಡ್ಬೇಡಿ. ಪಾಲಿನ ಬದಲು ಇಷ್ಟು ದುಡ್ಡು ತಗೊಂಡು ಬಿಟ್ಕೊಡೋದು ಶರೀಅತ್ತಲ್ಲಿ ಇದೆ, ಆದ್ರೆ ಒಟ್ಟು ಆಸ್ತಿ ಎಷ್ಟು, ನನ್ನ ಪಾಲು ಎಷ್ಟು ಅಂತ ಗೊತ್ತಾದ್ಮೇಲೆ ಮಾತ್ರ ಆ ಮಾತು. ಆಸ್ತಿ ಪತ್ರಗಳು, ಬ್ಯಾಂಕ್ ಖಾತೆ, ಅಂಗಡಿ, ಗಾಡಿ, ಯಾರಾದ್ರೂ ಅವನಿಗೆ ಕೊಡ್ಬೇಕಿದ್ದ ದುಡ್ಡು, ಪಟ್ಟಿ ಮಾಡ್ಸಿ. ಬ್ಯಾಂಕಲ್ಲಿ ನಾಮಿನಿ ಹೆಸರು ಬೇರೆಯವ್ರದ್ದಿದ್ರೆ ಎಲ್ಲ ಅವರದ್ದೇ ಆಗೋಯ್ತು ಅಂತ ಅಲ್ಲ, ಶರೀಅತ್ತಿನ ಪ್ರಕಾರ ಅದು ಹಂಚೋ ಆಸ್ತೀಲೇ ಸೇರತ್ತೆ.

ಮುಫ್ತಿ ಹತ್ರ ಹೋಗುವಾಗ "ನನಗೆ ಪಾಲು ಬರತ್ತಾ" ಅಂತ ಬರೀಬೇಡಿ, ಆ ತಾರೀಖುಗಳ ಹಾಳೇನ ಹಾಗೇ ಇಟ್ಟು, ಇಂಥ ದಿನ ಇಂಥ ಮಾತು ಹೇಳಿದ್ರು, ಇಷ್ಟು ಮುಟ್ಟಾಗಿತ್ತು, ಇಂಥ ದಿನ ತೀರ್ಕೊಂಡ್ರು, ಇವರು ವಾರಸುದಾರರು ಅಂತ ಬರ್ದು ಕೊಡಿ, ಉತ್ತರ ಬರವಣಿಗೇಲಿ ತಗೊಳ್ಳಿ. ಬಾಯಿ ಮಾತಿನ ಫತ್ವಾ ಮನೆಗೆ ಬರೋಷ್ಟರಲ್ಲಿ ಬೇರೆ ಆಗಿರತ್ತೆ. ಆ ಕಾಗದ ಹಿಡ್ಕೊಂಡೇ ವಕೀಲರ ಹತ್ರ ಹೋಗಿ.

ಇನ್ನೊಂದು ಕೇಳ್ತಾರೆ, ಪಾಲು ತಗೊಂಡ್ಮೇಲೆ ಬೇರೆ ಮದುವೆ ಆದ್ರೆ ವಾಪಸ್ ಕೊಡ್ಬೇಕಾ ಅಂತ. ಬೇಡ. ಗಂಡ ಕಣ್ಣು ಮುಚ್ಚಿದ ಕ್ಷಣಕ್ಕೇ ಆ ಪಾಲು ಆಕೆಯದಾಯ್ತು, ಇದ್ದತ್ ಮುಗಿಸಿ ಮದುವೆ ಆದ್ರೂ, ಆಗ್ದೇ ಇದ್ರೂ ಅದು ಆಕೆಯ ಹತ್ರನೇ ಇರತ್ತೆ, ಆಕೆ ಹೋದ್ಮೇಲೆ ಆಕೆಯ ವಾರಸುದಾರರಿಗೆ.